ಅಕ್ಷರ ಕನ್ನಡದ್ದು, ಭಾಷೆ ಯಾವುದು? — ಭಾಷಾ ಟ್ಯಾಗ್ ಮತ್ತು ಲೊಕೇಲ್ ಕುರಿತು ಓದುಗರ ಪ್ರಶ್ನೆಗಳು

ತಂತ್ರಾಂಶಗಳ ಭಾಷಾ ಸೆಟ್ಟಿಂಗ್ ಕುರಿತು ಈ ಬಾರಿ ಬಂದ ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದಾಗ, ಹೆಚ್ಚಿನ ತೊಂದರೆಗಳ ಬೇರು ಒಂದೇ ಕಡೆ ಇರುವುದು ಕಂಡುಬಂತು. ಪರದೆಯ ಮೇಲೆ ಕನ್ನಡ ಅಕ್ಷರ ಮೂಡಿದ ಮಾತ್ರಕ್ಕೆ ಅದು ಕನ್ನಡ ಭಾಷೆಯ ಬರಹವೆಂದು ಯಂತ್ರಕ್ಕೆ ತಿಳಿದಿರುತ್ತದೆ ಎಂದು ನಾವು ನಂಬಿರುತ್ತೇವೆ. ಅದಕ್ಕಾದರೋ ಅಕ್ಷರ ಗೊತ್ತೇ ಹೊರತು ಭಾಷೆ ಗೊತ್ತಿರುವುದಿಲ್ಲ, ಅದನ್ನು ನಾವೇ ಹೇಳಬೇಕಾಗುತ್ತದೆ. ಹಾಗೆ ಹೇಳಲು ಬರಹಕ್ಕೆ ಅಂಟಿಸುವ ಚೀಟಿಯೇ ಭಾಷಾ ಟ್ಯಾಗ್. ಈ ಟ್ಯಾಗ್‌ಗಳನ್ನು ರೋಮನ್ ಅಕ್ಷರಗಳಲ್ಲಿ ಬರೆಯುವುದು ವಾಡಿಕೆ. ಈ ಅಂಕಣದಲ್ಲಿ ಆ ಅಕ್ಷರಗಳ ಹೆಸರುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ‘ಕೆಎನ್’ ಎಂದಿದ್ದ ಕಡೆ ಆ ಎರಡು ರೋಮನ್ ಅಕ್ಷರಗಳನ್ನು ಹಾಕಿಕೊಳ್ಳಬೇಕು.

ಪ್ರಶ್ನೆ: ನಾನು ಡಿಟಿಪಿ ಕೆಲಸ ಮಾಡುವವನು. ಲಿಬ್ರೆಆಫೀಸ್ ರೈಟರ್‌ನಲ್ಲಿ ಕಡತದ ಭಾಷೆಯನ್ನು ಬದಲಿಸಲು ಹೋದರೆ ಮೊದಲ ಪಟ್ಟಿಯಲ್ಲಿ ಕನ್ನಡವೇ ಸಿಗುವುದಿಲ್ಲ. ಪ್ಯಾರಾಗ್ರಾಫ್ ಸ್ಟೈಲಿನಲ್ಲಿ ಫಾಂಟ್ ಬದಲಿಸಿದರೆ ನಡುವಿನ ಇಂಗ್ಲಿಷ್ ಪದಗಳು ಮಾತ್ರ ಬದಲಾಗುತ್ತವೆ, ಕನ್ನಡ ಹಾಗೆಯೇ ಉಳಿಯುತ್ತದೆ. ನುಡಿ ಫಾಂಟಿನ ಹಳೆಯ ಕಡತಗಳನ್ನು ತೆರೆದರಂತೂ ಪ್ರತಿ ಪದದ ಕೆಳಗೂ ಕೆಂಪು ಗೆರೆ ಬರುತ್ತದೆ. ಇವೆಲ್ಲಕ್ಕೂ ಕಾರಣ ಒಂದೇ ಇರಬಹುದೇ?
— ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಮೊದಲಿನ ಎರಡಕ್ಕೆ ಕಾರಣ ಒಂದೇ, ಮೂರನೆಯದಕ್ಕೆ ಬೇರೆ.

ಲಿಬ್ರೆಆಫೀಸ್ ಜಗತ್ತಿನ ಬರಹಗಳನ್ನೆಲ್ಲ ಮೂರು ಗುಂಪು ಮಾಡಿಕೊಂಡಿದೆ. ರೋಮನ್, ಗ್ರೀಕ್, ಸಿರಿಲಿಕ್ ಮುಂತಾದವು ‘ವೆಸ್ಟರ್ನ್’ ಗುಂಪಿಗೆ ಸೇರುತ್ತವೆ. ಚೀನೀ, ಜಪಾನೀ, ಕೊರಿಯನ್ ಬರಹಗಳು ‘ಏಷ್ಯನ್’ ಎಂಬ ಗುಂಪಿಗೆ ಸೇರುತ್ತವೆ. ಅಕ್ಷರಗಳು ಒಂದಕ್ಕೊಂದು ಕೂಡಿಕೊಂಡು ರೂಪ ಬದಲಿಸುವ ಅರಬ್ಬೀ, ದೇವನಾಗರಿ, ಕನ್ನಡ ಮುಂತಾದವು ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬ ಮೂರನೆಯ ಗುಂಪಿನಲ್ಲಿವೆ. ಕನ್ನಡ ಏಷ್ಯಾದ ಭಾಷೆಯಲ್ಲವೇ ಎಂದು ಎರಡನೆಯ ಪಟ್ಟಿಯಲ್ಲಿ ಹುಡುಕಿದರೆ ಅಲ್ಲಿಯೂ ಸಿಗುವುದಿಲ್ಲ. ಪ್ರತಿಯೊಂದು ಗುಂಪಿಗೂ ಫಾಂಟ್, ಅಳತೆ, ಭಾಷೆ ಮೂರೂ ಪ್ರತ್ಯೇಕ. ನೀವು ಬದಲಿಸಿದ್ದು ವೆಸ್ಟರ್ನ್ ಗುಂಪಿನ ಫಾಂಟನ್ನು. ಆದ್ದರಿಂದ ಅದೇ ಸಾಲಿನಲ್ಲಿದ್ದರೂ ಕನ್ನಡ ಅಕ್ಷರಗಳು ಅಲುಗಾಡಲಿಲ್ಲ. ಆಯ್ಕೆಗಳ ಕಿಟಕಿಯ ಭಾಷಾ ವಿಭಾಗಕ್ಕೆ ಹೋಗಿ, ಮೂರನೆಯ ಗುಂಪಿನ ಎದುರು ಗುರುತು ಹಾಕಿ, ಅಲ್ಲಿ ಕನ್ನಡವನ್ನು ಆರಿಸಬೇಕು. ‘ಈ ಕಡತಕ್ಕೆ ಮಾತ್ರ’ ಎಂಬ ಇನ್ನೊಂದು ಗುರುತು ಅಲ್ಲೇ ಇದೆ. ಅದನ್ನು ಹಾಕದೆ ಬಿಟ್ಟರೆ ಮುಂದೆ ಹೊಸದಾಗಿ ತೆರೆಯುವ ಕಡತಗಳಿಗೂ ಕನ್ನಡವೇ ಅನ್ವಯವಾಗುತ್ತದೆ, ನಿಮ್ಮಂಥವರಿಗೆ ಬೇಕಾದುದೂ ಅದೇ.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಈ ಮೂರನೆಯ ಗುಂಪಿನ ಭಾಷೆಯನ್ನು ನಾವು ಆರಿಸದಿದ್ದರೆ, ಬಹಳಷ್ಟು ಕಂಪ್ಯೂಟರುಗಳಲ್ಲಿ ಅಲ್ಲಿ ಮೊದಲೇ ಹಿಂದಿ ಕುಳಿತಿರುತ್ತದೆ. ಇನ್ನೂರು ಪುಟದ ಕನ್ನಡ ಕಾದಂಬರಿಯನ್ನು ಟೈಪ್ ಮಾಡಿ ಉಳಿಸಿದರೂ ಕಡತದ ಒಳಗೆ ಆ ಬರಹಕ್ಕೆಲ್ಲ ‘ಇದು ಹಿಂದಿ’ ಎಂಬ ಚೀಟಿ ಅಂಟಿರುತ್ತದೆ. ಓದುವವರ ಕಣ್ಣಿಗೆ ಅದು ಬೀಳುವುದಿಲ್ಲ. ಕಾಗುಣಿತ ತಪಾಸಣೆ ಕನ್ನಡ ಪದಕೋಶವನ್ನು ತೆರೆಯದೆ ಸುಮ್ಮನಿರುವುದು, ಪದವನ್ನು ಸಾಲಿನ ಕೊನೆಯಲ್ಲಿ ಒಡೆಯುವ ನಿಯಮ ಕೆಲಸ ಮಾಡದಿರುವುದು, ಅದೇ ಕಡತವನ್ನು ಜಾಲಪುಟವಾಗಿ ಮಾರ್ಪಡಿಸಿದಾಗ ಅಲ್ಲಿಯೂ ತಪ್ಪು ಚೀಟಿ ಮುಂದುವರಿಯುವುದು, ಇಂಥವುಗಳಿಂದಲೇ ಅದು ಬೆಳಕಿಗೆ ಬರಬೇಕು.

ಮೈಕ್ರೋಸಾಫ್ಟ್ ವರ್ಡ್‌ನ ಏರ್ಪಾಡೂ ಹೆಚ್ಚುಕಡಿಮೆ ಹೀಗೆಯೇ ಇದೆ. ಅದರ ಕಡತದೊಳಗೆ ಭಾಷೆಯನ್ನು ಬರೆದಿಡಲು ಮೂರು ಅಂಕಣಗಳಿವೆ, ಕನ್ನಡದಂಥ ಭಾಷೆಗಳ ಅಂಕಣಕ್ಕೆ ‘ಬಿಡಿ’ ಎಂದು ಹೆಸರು. ಅದು ಎಡಕ್ಕೂ ಬಲಕ್ಕೂ ಸಾಗುವ ಬರಹ ಎಂಬರ್ಥದ ಮಾತಿನ ಮೊಟಕು ರೂಪ. ಎಡದಿಂದ ಬಲಕ್ಕೆ ಮಾತ್ರ ಸಾಗುವ ಕನ್ನಡ ಅರಬ್ಬೀ, ಹೀಬ್ರೂಗಳ ಮನೆಯಲ್ಲಿ ಬಾಡಿಗೆಗೆ ಇದೆ ಎನ್ನಬಹುದು.

ಇನ್ನು ಕೆಂಪು ಗೆರೆಯ ವಿಷಯ. ಹಳೆಯ ನುಡಿ ಅಥವಾ ಬರಹ ಫಾಂಟುಗಳಲ್ಲಿ ಕೂರಿಸಿದ ಬರಹ ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಜಾಗತಿಕ ಪದ್ಧತಿ) ಅಲ್ಲ. ಅಲ್ಲಿ ರೋಮನ್ ಅಕ್ಷರಗಳ ಸಂಖ್ಯೆಗಳ ಮೇಲೆ ಕನ್ನಡದ ಚಿತ್ರಗಳನ್ನು ಹೊದಿಸಿರುತ್ತಾರೆ. ತಂತ್ರಾಂಶಕ್ಕೆ ಕಾಣುವುದು ಹೊದಿಕೆಯ ಕೆಳಗಿನ ರೋಮನ್ ಅಕ್ಷರಗಳು, ಆದ್ದರಿಂದ ಅದು ವೆಸ್ಟರ್ನ್ ಗುಂಪಿನ ಇಂಗ್ಲಿಷ್ ಪದಕೋಶವನ್ನು ತೆರೆದು ಪ್ರತಿ ಪದವೂ ತಪ್ಪೆಂದು ಗೆರೆ ಎಳೆಯುತ್ತದೆ. ಆ ಬರಹಕ್ಕೆ ಕನ್ನಡದ ಚೀಟಿ ಅಂಟಿಸುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಒಳಗಿರುವುದು ಕನ್ನಡ ಅಕ್ಷರವೇ ಅಲ್ಲ. ಯೂನಿಕೋಡಿಗೆ ಪರಿವರ್ತಿಸುವುದೇ ಸರಿಯಾದ ದಾರಿ. ಮುದ್ರಣಾಲಯದ ಒತ್ತಾಯದಿಂದ ಹಾಗೆಯೇ ಉಳಿಸಬೇಕಾದರೆ, ಆ ಭಾಗವನ್ನು ಆರಿಸಿ ಭಾಷೆಯನ್ನು ‘ಯಾವುದೂ ಅಲ್ಲ’ ಎಂದು ಗುರುತಿಸಿದರೆ ಗೆರೆಗಳು ಹೋಗುತ್ತವೆ.

ಪ್ರಶ್ನೆ: ನಮ್ಮ ಶಾಲೆಯ ಜಾಲತಾಣಕ್ಕೆ ಭಾಷೆಯ ಟ್ಯಾಗ್ ಹಾಕುವಾಗ ‘ಕನ್ನಡ, ಕರ್ನಾಟಕ’ ಎಂಬರ್ಥದಲ್ಲಿ ‘ಕೆಎನ್-ಕೆಎ’ ಎಂದು ಬರೆದಿದ್ದೆ. ಸಹೋದ್ಯೋಗಿಯೊಬ್ಬರು ‘ಕೆಎ’ ಮಾತ್ರ ಸಾಕು ಎನ್ನುತ್ತಾರೆ, ಇನ್ನೊಬ್ಬರು ‘ಐಎನ್’ ಎನ್ನುತ್ತಾರೆ. ಯಾವುದು ಸರಿ? ಇಷ್ಟು ದಿನ ಏನೂ ತೊಂದರೆ ಕಂಡಿಲ್ಲ.
— ಒಬ್ಬ ಶಿಕ್ಷಕಿ, ಸುಳ್ಯ

ಉತ್ತರ: ಮೂರೂ ಸರಿಯಲ್ಲ. ‘ಕೆಎನ್’ ಎಂದಷ್ಟೇ ಬರೆಯಿರಿ.

ಟ್ಯಾಗ್ ಬರೆಯುವ ನಿಯಮಗಳನ್ನು ‘ಬಿಸಿಪಿ 47’ ಎಂಬ ಹೆಸರಿನಲ್ಲಿ ಅಂತರಜಾಲದ ಮಾನದಂಡ ರೂಪಿಸುವ ಸಂಸ್ಥೆ ನಿಗದಿಪಡಿಸಿದೆ. ಅದರ ಮೊದಲ ರೂಪ 1995ರಲ್ಲಿ ಬಂತು, 2001 ಮತ್ತು 2006ರಲ್ಲಿ ತಿದ್ದುಪಡಿಯಾಯಿತು, ಈಗ ಬಳಕೆಯಲ್ಲಿರುವ ಪಠ್ಯ 2009ರದು. ಈ ನಿಯಮದಲ್ಲಿ ಟ್ಯಾಗ್ ಎಂಬುದು ಅಡ್ಡಗೆರೆಯಿಂದ ಜೋಡಿಸಿದ ತುಂಡುಗಳ ಸಾಲು: ಮೊದಲು ಭಾಷೆ, ಬೇಕಿದ್ದರೆ ನಾಲ್ಕು ಅಕ್ಷರಗಳ ಲಿಪಿ, ಅನಂತರ ಎರಡು ಅಕ್ಷರಗಳ ದೇಶ. ಮೂರನೆಯದು ರಾಜ್ಯವಲ್ಲ, ದೇಶ. ‘ಕೆಎ’ ಎಂಬುದು ವಾಹನಗಳ ನೋಂದಣಿ ಫಲಕದಿಂದ ನಮ್ಮ ಕಣ್ಣಿಗೆ ಚಿರಪರಿಚಿತವಾದರೂ ದೇಶಗಳ ಪಟ್ಟಿಯಲ್ಲಿ ಅಂಥ ದೇಶವಿಲ್ಲ. ಭಾಷೆಗಳ ಪಟ್ಟಿಯಲ್ಲಿ ಮಾತ್ರ ಅದು ಇದೆ, ಅದರ ಅರ್ಥ ಕಾಕಸಸ್ ಪರ್ವತದ ತಪ್ಪಲಿನ ಜಾರ್ಜಿಯನ್ ಭಾಷೆ. ನಿಮ್ಮ ಮೊದಲ ಸಹೋದ್ಯೋಗಿಯ ಮಾತನ್ನು ಕೇಳಿದ್ದರೆ ಸುಳ್ಯದ ಶಾಲೆಯ ಜಾಲತಾಣ ಜಾರ್ಜಿಯನ್ ಭಾಷೆಯದೆಂದು ಘೋಷಣೆಯಾಗುತ್ತಿತ್ತು. ಎರಡನೆಯವರ ‘ಐಎನ್’ ಭಾರತ ದೇಶದ ಸಂಕೇತ ಹೌದು, ಆದರೆ ಒಂಟಿಯಾಗಿ ಮೊದಲ ಸ್ಥಾನದಲ್ಲಿ ಬಂದಾಗ ಅದು ಭಾಷೆಯ ಸಂಕೇತವಾಗುತ್ತದೆ. ಆ ಸ್ಥಾನದಲ್ಲಿ ಅದು ಇಂಡೋನೇಷ್ಯನ್ ಭಾಷೆಯ ಹಳೆಯ, ಈಗ ಕೈಬಿಟ್ಟಿರುವ ಸಂಕೇತ.

ಹೀಗೆ ಒಂದೇ ಜೋಡಿ ಅಕ್ಷರ ಕುಳಿತ ಜಾಗಕ್ಕೆ ತಕ್ಕಂತೆ ಬೇರೆ ಬೇರೆ ಅರ್ಥ ಕೊಡುತ್ತದೆ. ನಮ್ಮ ‘ಕೆಎನ್’ ಕೂಡ ಇದಕ್ಕೆ ಹೊರತಲ್ಲ. ಭಾಷೆಯ ಜಾಗದಲ್ಲಿ ಅದು ಕನ್ನಡ, ದೇಶದ ಜಾಗದಲ್ಲಿ ಕೆರಿಬಿಯನ್ ಸಮುದ್ರದ ಸೇಂಟ್ ಕಿಟ್ಸ್ ಮತ್ತು ನೆವಿಸ್ ಎಂಬ ಪುಟ್ಟ ದೇಶ. ಇಂಗ್ಲಿಷ್ ಮತ್ತು ಕನ್ನಡ ಎರಡೂ ಇರುವ ಪುಟಕ್ಕೆ ‘ಇಎನ್-ಕೆಎನ್’ ಎಂದು ಬರೆದವರು ಆ ದ್ವೀಪಗಳ ಇಂಗ್ಲಿಷನ್ನು ಘೋಷಿಸಿದಂತಾಗುತ್ತದೆ. ‘ಕೆಎನ್-ಸಿಎ’ ಎಂಬುದು ಮಾತ್ರ ನೋಡಲು ತಮಾಷೆಯಾಗಿದ್ದರೂ ನಿಯಮಬದ್ಧವಾದದ್ದು: ಕೆನಡಾದಲ್ಲಿ ಬಳಸುವ ಕನ್ನಡ.

ಇಷ್ಟು ದಿನ ತೊಂದರೆ ಕಾಣದಿರಲು ಕಾರಣವಿದೆ. ಟ್ಯಾಗ್ ಪೂರ್ತಿಯಾಗಿ ಹೊಂದದಿದ್ದಾಗ ತಂತ್ರಾಂಶಗಳು ಸಾಮಾನ್ಯವಾಗಿ ಬಲತುದಿಯಿಂದ ಒಂದೊಂದೇ ತುಂಡನ್ನು ಬಿಡಿಸುತ್ತ ಹಿಂದೆ ಬರುತ್ತವೆ. ‘ಕೆಎನ್-ಕೆಎ’ ಸಿಗದಾಗ ‘ಕೆಎನ್’ ಸಿಕ್ಕಿ ಕೆಲಸ ನಡೆದುಹೋಗಿದೆ. ‘ಕೆಎನ್-ಐಎನ್’ ಎಂದು ಬರೆದರೂ ತಪ್ಪಿಲ್ಲ, ಆದರೆ ಭಾರತದ ಕನ್ನಡವನ್ನು ಬೇರೆ ದೇಶದ ಕನ್ನಡದಿಂದ ಬೇರ್ಪಡಿಸಿ ಹೇಳುವ ಅಗತ್ಯ ಶಾಲೆಯ ಪುಟಕ್ಕಿಲ್ಲ. ಲಿಪಿಯನ್ನು ಸೇರಿಸುವುದೂ ಬೇಡ. ಕನ್ನಡಕ್ಕೆ ಕನ್ನಡ ಲಿಪಿಯೇ ರೂಢಿ ಎಂದು ಟ್ಯಾಗ್‌ಗಳ ಅಧಿಕೃತ ನೋಂದಣಿ ಪುಸ್ತಕದಲ್ಲೇ ದಾಖಲಾಗಿದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಮಾತ್ರ ‘ಕೆಎನ್’ ಮುಂದೆ ರೋಮನ್ ಲಿಪಿಯ ಸಂಕೇತವಾದ ‘ಎಲ್ಎಟಿಎನ್’ ಬರಬೇಕು. ಲಿನಕ್ಸ್‌ನಲ್ಲಿ ‘ಕೆಎನ್’ ಮತ್ತು ‘ಐಎನ್’ ನಡುವೆ ಅಡ್ಡಗೆರೆಯ ಬದಲು ಅಡಿಗೆರೆ ಇರುವುದನ್ನು ಕಂಡು ಗಾಬರಿಯಾಗಬೇಡಿ, ಅಲ್ಲಿಯ ಪದ್ಧತಿಯೇ ಹಾಗೆ.

ಪ್ರಶ್ನೆ: ಕರಾವಳಿಯ ಗಾದೆಗಳನ್ನು ಸಂಗ್ರಹಿಸಿ ಜಾಲಪುಟಗಳಲ್ಲಿ ಹಾಕುತ್ತಿದ್ದೇವೆ. ತುಳು, ಕೊಂಕಣಿ, ಕುಂದಾಪ್ರ ಕನ್ನಡ ಮೂರನ್ನೂ ಕನ್ನಡ ಲಿಪಿಯಲ್ಲೇ ಬರೆದು, ಕೆಳಗೆ ಶಿಷ್ಟ ಕನ್ನಡದಲ್ಲಿ ಅರ್ಥ ಕೊಡುತ್ತೇವೆ. ಎಲ್ಲವೂ ಕನ್ನಡ ಅಕ್ಷರವೇ ಆದ್ದರಿಂದ ಇಡೀ ಪುಟಕ್ಕೆ ಕನ್ನಡದ ಟ್ಯಾಗ್ ಸಾಲದೇ?
— ಸಂಗ್ರಾಹಕರ ಪರವಾಗಿ ಒಬ್ಬರು, ಕುಂದಾಪುರ

ಉತ್ತರ: ಸಾಲದು. ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ನಿಮ್ಮದು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಪುಟಕ್ಕೆ ಒಟ್ಟಾರೆಯಾಗಿ ‘ಕೆಎನ್’ ಇರಲಿ, ಏಕೆಂದರೆ ಶೀರ್ಷಿಕೆ, ವಿವರಣೆ, ಅರ್ಥಗಳೆಲ್ಲ ಕನ್ನಡದಲ್ಲಿವೆ. ಆದರೆ ಪ್ರತಿಯೊಂದು ಗಾದೆಯನ್ನೂ ಪ್ರತ್ಯೇಕ ತುಂಡಾಗಿ ಕಟ್ಟಿ ಅದಕ್ಕೆ ಅದರದೇ ಭಾಷೆಯ ಟ್ಯಾಗ್ ಹಾಕಬೇಕು. ತುಳುವಿಗೆ ಮೂರಕ್ಷರದ ‘ಟಿಸಿವೈ’ ಎಂಬ ಸಂಕೇತವಿದೆ. 2016ರಲ್ಲಿ ಆರಂಭವಾದ ತುಳು ವಿಕಿಪೀಡಿಯದ ವಿಳಾಸದಲ್ಲಿಯೂ ಇದೇ ಇರುವುದನ್ನು ನೀವು ನೋಡಿರಬಹುದು. ಕನ್ನಡಕ್ಕೆ ಎರಡಕ್ಷರ, ತುಳುವಿಗೆ ಮೂರಕ್ಷರ ಎಂಬುದರಲ್ಲಿ ಮೇಲುಕೀಳಿನ ಮಾತೇನೂ ಇಲ್ಲ. ಎರಡಕ್ಷರದ ಪಟ್ಟಿ ಚಿಕ್ಕದು, ಮೂರಕ್ಷರದ ಪಟ್ಟಿ ಸಾವಿರಾರು ಭಾಷೆಗಳನ್ನು ಒಳಗೊಂಡದ್ದು. ಕನ್ನಡಕ್ಕೂ ‘ಕೆಎಎನ್’ ಎಂಬ ಮೂರಕ್ಷರದ ಸಂಕೇತ ಇದ್ದು ಗ್ರಂಥಾಲಯದ ಸೂಚಿಗಳಲ್ಲಿ ಬಳಕೆಯಾಗುತ್ತದೆ, ಆದರೆ ಎರಡಕ್ಷರದ್ದು ಇರುವ ಭಾಷೆಗೆ ಜಾಲಪುಟದ ಟ್ಯಾಗಿನಲ್ಲಿ ಅದನ್ನೇ ಬಳಸಬೇಕೆಂಬುದು ನಿಯಮ. ಕೊಡವ ಗಾದೆಗಳನ್ನೂ ಮುಂದೆ ಸೇರಿಸುವಿರಾದರೆ ಅದರ ಸಂಕೇತ ‘ಕೆಎಫ್ಎ’.

ಕೊಂಕಣಿಯ ವಿಷಯದಲ್ಲಿ ಲಿಪಿಯ ತುಂಡು ನಿಜವಾಗಿ ಬೇಕಾಗುತ್ತದೆ. ಅದನ್ನು ದೇವನಾಗರಿ, ರೋಮನ್, ಕನ್ನಡ, ಮಲಯಾಳಂ ಲಿಪಿಗಳಲ್ಲೆಲ್ಲ ಬರೆಯುವವರಿದ್ದಾರೆ. ಆದ್ದರಿಂದ ಭಾಷೆಯ ‘ಕೆಓಕೆ’ ಸಂಕೇತದ ಮುಂದೆ ಕನ್ನಡ ಲಿಪಿಯ ಸಂಕೇತವಾದ ‘ಕೆಎನ್‌ಡಿಎ’ ಸೇರಿಸಿ. ತುಳುವಿಗೂ ಹಾಗೆ ಸೇರಿಸುವುದು ಈಗ ಜಾಣತನ. 2024ರಲ್ಲಿ ಬಂದ ಯೂನಿಕೋಡ್‌ನ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಪ್ರತ್ಯೇಕ ಸ್ಥಾನ ದೊರೆತಿರುವುದರಿಂದ, ಮುಂದೆ ಅದೇ ಗಾದೆಯ ಎರಡು ಲಿಪಿಗಳ ರೂಪವನ್ನು ಅಕ್ಕಪಕ್ಕ ಇಡುವ ದಿನ ಬಂದರೆ ಎರಡನ್ನೂ ಗುರುತಿಸುವುದು ಸುಲಭವಾಗುತ್ತದೆ.

ಕುಂದಾಪ್ರ ಕನ್ನಡಕ್ಕೆ ಬೇರೆ ಭಾಷೆಯ ಸಂಕೇತ ಹುಡುಕುವುದು ಬೇಡ, ಅದು ಕನ್ನಡವೇ. ಆದರೆ ಶಿಷ್ಟ ಕನ್ನಡದಿಂದ ಅದನ್ನು ಬೇರೆಯಾಗಿ ಗುರುತಿಸುವ ಇಚ್ಛೆ ನಿಮಗಿದ್ದರೆ, ‘ಕೆಎನ್’ ನಂತರ ‘ಎಕ್ಸ್’ ಎಂಬ ಒಂಟಿ ಅಕ್ಷರವನ್ನು ಹಾಕಿ, ಅದರ ಮುಂದೆ ನಿಮಗೆ ಬೇಕಾದ ಗುರುತನ್ನು ಬರೆಯಬಹುದು. ಎಕ್ಸ್ ನಂತರದ್ದು ಖಾಸಗಿ ಗುರುತು. ಹೊರಗಿನವರಿಗೆ ಅದರ ಅರ್ಥ ತಿಳಿಯದಿದ್ದರೂ ಮೊದಲಿನ ಕನ್ನಡ ಉಳಿಯುತ್ತದೆ. ಒಂದು ತುಂಡಿನಲ್ಲಿ ಎಂಟು ಅಕ್ಷರಗಳಿಗಿಂತ ಹೆಚ್ಚು ಇರಬಾರದೆಂಬ ನಿರ್ಬಂಧವಿದೆ. ಕುಂದಾಪುರ ಎಂದು ರೋಮನ್ ಅಕ್ಷರಗಳಲ್ಲಿ ಬರೆದರೆ ಒಂಬತ್ತಾಗುತ್ತದೆ. ನಿಮ್ಮೂರಿನವರು ಹೇಳುವಂತೆ ‘ಕುಂದಾಪ್ರ’ ಎಂದು ಬರೆದರೆ ಸರಿಯಾಗಿ ಎಂಟಕ್ಕೆ ನಿಲ್ಲುತ್ತದೆ. ನಿಯಮ ಬರೆದವರಿಗೆ ಇದು ಗೊತ್ತಿರಲಾರದು, ಆದರೂ ಆಡುಮಾತಿಗೆ ದೊರೆತ ಈ ಚಿಕ್ಕ ಗೆಲುವು ನನಗೆ ಸಂತೋಷ ಕೊಟ್ಟಿತು. ಖಾಸಗಿ ಗುರುತಿಗಿಂತ ಗಟ್ಟಿಯಾದ ದಾರಿಯೂ ಇದೆ: ಲಿವರ್‌ಪೂಲ್ ಊರಿನ ಆಡು ಇಂಗ್ಲಿಷಿಗೆ ‘ಸ್ಕೌಸ್’ ಎಂಬ ಉಪಭಾಷೆಯ ತುಂಡು ಅಧಿಕೃತವಾಗಿ ನೋಂದಣಿಯಾಗಿದೆ. ಅದೇ ರೀತಿ ವಿವರಣೆಯೊಂದಿಗೆ ಯಾರು ಬೇಕಾದರೂ ಅರ್ಜಿ ಸಲ್ಲಿಸಬಹುದು.

ಇಷ್ಟೆಲ್ಲ ಶ್ರಮದಿಂದ ಇವತ್ತೇ ಆಗುವ ಲಾಭವೇನು ಎಂದು ನೀವು ಕೇಳಬಹುದು. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಕೆಲವು ಕಡೆ ಸಣ್ಣ ನಷ್ಟವೂ ಇದೆ: ತುಳು ಧ್ವನಿ ಇಲ್ಲದ ಓದುವ ತಂತ್ರಾಂಶ ಕನ್ನಡದ ಟ್ಯಾಗ್ ಇದ್ದರೆ ಗಾದೆಯನ್ನು ಕನ್ನಡದ ಧ್ವನಿಯಲ್ಲಾದರೂ ಓದುತ್ತಿತ್ತು, ತುಳುವಿನ ಟ್ಯಾಗ್ ಕಂಡಾಗ ತನಗೆ ಬರುವ ಬೇರೆ ಯಾವುದೋ ಧ್ವನಿಗೆ ಹೋಗಬಹುದು. ಹಾಗಿದ್ದರೂ ನಿಜವನ್ನೇ ಬರೆಯಿರಿ ಎಂಬುದು ನನ್ನ ಅಭಿಪ್ರಾಯ. ಜಾಲದ ಬರಹಗಳನ್ನು ಯಂತ್ರಗಳು ಭಾಷೆಯ ಪ್ರಕಾರ ರಾಶಿ ಹಾಕುವಾಗ ಕನ್ನಡದ ಚೀಟಿ ಹೊತ್ತ ತುಳು ಕನ್ನಡದ ರಾಶಿಗೆ ಬಿದ್ದರೆ ಎರಡು ಭಾಷೆಗಳಿಗೂ ಕೆಡುಕು. ತುಳುವಿನ ರಾಶಿ ಸಣ್ಣದಾಗುತ್ತದೆ, ಕನ್ನಡದ ರಾಶಿಯಲ್ಲಿ ಕಲ್ಲು ಸೇರುತ್ತದೆ.

ಪ್ರಶ್ನೆ: ನನಗೆ ದೃಷ್ಟಿಯಿಲ್ಲ. ಎನ್‌ವಿಡಿಎ ಸ್ಕ್ರೀನ್ ರೀಡರ್ ಬಳಸುತ್ತೇನೆ. ಕೆಲವು ಕನ್ನಡ ತಾಣಗಳನ್ನು ಅದು ಚೆನ್ನಾಗಿ ಓದುತ್ತದೆ, ಕೆಲವನ್ನು ಓದುವುದೇ ಇಲ್ಲ, ಇನ್ನು ಕೆಲವದರಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಉದುರಿಸುತ್ತದೆ. ದೋಷ ನನ್ನ ಕಂಪ್ಯೂಟರಿನದೋ ತಾಣಗಳದೋ?
— ಒಬ್ಬ ಓದುಗರು, ಧಾರವಾಡ

ಉತ್ತರ: ಹೆಚ್ಚಾಗಿ ತಾಣಗಳದು. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕೇಳಿಬಂದರೆ ಅದು ಮೇಲೆ ಹೇಳಿದ ಹಳೆಯ ಫಾಂಟಿನ ಬರಹ. ಅದನ್ನು ನಿಮ್ಮ ಕಡೆಯಿಂದ ಸರಿಪಡಿಸುವ ಉಪಾಯವಿಲ್ಲ. ಓದದೆ ಬಿಡುವ ಪುಟಗಳಲ್ಲಿ ಬರಹ ಯೂನಿಕೋಡಿನಲ್ಲೇ ಇದ್ದು, ಪುಟ ಕಟ್ಟಿದವರು ಇಂಗ್ಲಿಷಿನ ಮಾದರಿಯನ್ನು ನಕಲು ಮಾಡಿಕೊಂಡು ಅದರ ಇಂಗ್ಲಿಷ್ ಟ್ಯಾಗನ್ನು ಹಾಗೆಯೇ ಉಳಿಸಿರುವ ಸಂಭವ ಹೆಚ್ಚು. ಎನ್‌ವಿಡಿಎಯ ಮಾತಿನ ಸೆಟ್ಟಿಂಗ್‌ನಲ್ಲಿ ಭಾಷೆಯನ್ನು ತಾನಾಗಿ ಬದಲಿಸುವ ಆಯ್ಕೆಯಿದೆ. ಅದು ಟ್ಯಾಗನ್ನು ನಂಬಿ ಧ್ವನಿಯನ್ನು ಬದಲಿಸುವುದರಿಂದ ತಪ್ಪು ಟ್ಯಾಗ್ ಇರುವ ಪುಟದಲ್ಲಿ ತಪ್ಪು ಧ್ವನಿಯೇ ಬರುತ್ತದೆ. ಅಂಥ ಪುಟಗಳನ್ನು ಓದುವಾಗ ಆ ಆಯ್ಕೆಯನ್ನು ತಾತ್ಕಾಲಿಕವಾಗಿ ತೆಗೆದು, ಅದರೊಂದಿಗೆ ಬರುವ ಇಸ್ಪೀಕ್ ಧ್ವನಿಯಲ್ಲಿ ಕನ್ನಡವನ್ನು ನೀವೇ ಆರಿಸಿಕೊಂಡು ನೋಡಿ.

ತಾಣ ನಡೆಸುವವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಪುಟದ ಭಾಷೆಯನ್ನು ಸರಿಯಾಗಿ ಘೋಷಿಸುವುದು ಜಾಲದ ಸುಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಕನಿಷ್ಠ ಹಂತದ ಬೇಡಿಕೆ; ಪುಟದ ನಡುವೆ ಬರುವ ಬೇರೆ ಭಾಷೆಯ ಭಾಗಗಳನ್ನು ಗುರುತಿಸುವುದು ಅದರ ಮುಂದಿನ ಹಂತ. ಹಾಗೆಂದು ಬಸ್ಸು, ಪೆನ್ನು, ಕಂಪ್ಯೂಟರ್ ಎಂದು ಬಂದಲ್ಲೆಲ್ಲ ಇಂಗ್ಲಿಷ್ ಟ್ಯಾಗ್ ಹಾಕಬೇಕಿಲ್ಲ. ಭಾಷೆಯಲ್ಲಿ ಬೆರೆತ ಪದಗಳು, ಹೆಸರುಗಳು, ಪಾರಿಭಾಷಿಕ ಪದಗಳಿಗೆ ಆ ಮಾರ್ಗಸೂಚಿಯೇ ವಿನಾಯಿತಿ ಕೊಟ್ಟಿದೆ.

ಪ್ರಶ್ನೆ: ನಾನು ಇಲ್ಲಿಯ ಕನ್ನಡ ಬಳಗದ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಬೆಂಗಳೂರಿನ ಗೆಳೆಯರು ಕಳಿಸಿದ ಸಿಎಸ್‌ವಿ ಕಡತವನ್ನು (ಅಂಕಣಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಬರಿಯ ಬರಹದ ಕಡತ) ಎಕ್ಸೆಲ್‌ನಲ್ಲಿ ತೆರೆದರೆ ಎಲ್ಲವೂ ಒಂದೇ ಅಂಕಣದಲ್ಲಿ ಬೀಳುತ್ತದೆ, ಕನ್ನಡ ಹೆಸರುಗಳ ಜಾಗದಲ್ಲಿ ವಿಚಿತ್ರ ಚಿಹ್ನೆಗಳು ಬರುತ್ತವೆ. ಬೇರೊಂದು ಕಡತದಿಂದ ನಕಲಿಸಿ ತಂದ 1,500 ಎಂಬ ಮೊತ್ತ ಒಂದೂವರೆ ಆಗಿಬಿಟ್ಟಿತು. ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ ಸರಿಯಾಗುವುದೇ?
— ಒಬ್ಬ ಓದುಗರು, ಮ್ಯೂನಿಕ್, ಜರ್ಮನಿ

ಉತ್ತರ: ಇಲ್ಲ. ಇಲ್ಲಿ ತೊಡಕಾಗಿರುವುದು ಬರಹದ ಭಾಷೆಯಲ್ಲ, ನಿಮ್ಮ ಕಂಪ್ಯೂಟರಿನ ಲೊಕೇಲ್. ಟ್ಯಾಗ್ ಎಂಬುದು ಬರಹಕ್ಕೆ ಅಂಟಿದ ಮಾಹಿತಿಯಾದರೆ, ಲೊಕೇಲ್ ಎಂಬುದು ಬಳಸುವವರ ಊರಿನ ರೂಢಿಗಳ ಒಂದು ಕಟ್ಟು: ದಶಮಾಂಶಕ್ಕೆ ಚುಕ್ಕೆಯೋ ಅಲ್ಪವಿರಾಮವೋ, ದಿನಾಂಕದಲ್ಲಿ ದಿನ ಮೊದಲೋ ತಿಂಗಳು ಮೊದಲೋ, ವಾರ ಭಾನುವಾರ ಶುರುವಾಗುವುದೋ ಸೋಮವಾರವೋ, ಇಂಥವು. ಜರ್ಮನಿಯಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ಬಳಸುತ್ತಾರೆ, ಆದ್ದರಿಂದ 1,500 ಒಂದೂವರೆಯಾಯಿತು. 12,34,567 ಎಂಬಂತೆ ಎರಡು ಅಲ್ಪವಿರಾಮಗಳಿರುವ ಲಕ್ಷದ ಲೆಕ್ಕ ಸಂಖ್ಯೆಯಾಗದೆ ಬರಿಯ ಬರಹವಾಗಿ ಉಳಿದಿರುತ್ತದೆ. ಮೊತ್ತ ಕೂಡುವಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ಅಲ್ಪವಿರಾಮ ದಶಮಾಂಶಕ್ಕೆ ಮೀಸಲಾದ ಮೇಲೆ ಅಂಕಣಗಳನ್ನು ಬೇರ್ಪಡಿಸಲು ಅಲ್ಲಿಯ ಎಕ್ಸೆಲ್ ಅರ್ಧವಿರಾಮವನ್ನು ನಿರೀಕ್ಷಿಸುತ್ತದೆ, ಅದು ಸಿಗದೆ ಸಾಲನ್ನೆಲ್ಲ ಒಂದೇ ಅಂಕಣಕ್ಕೆ ಸುರಿದಿದೆ.

ವಿಚಿತ್ರ ಚಿಹ್ನೆಗಳದು ಬೇರೆಯದೇ ಕಥೆ. ಯೂನಿಕೋಡ್ ಸಂಖ್ಯೆಗಳನ್ನು ಕಡತದಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ, ಗುಣಿತದ ಚಿಹ್ನೆಗೂ ಮೂರು ಬೈಟ್ ಬೇಕು. ಎಕ್ಸೆಲ್ ಆ ಕಡತವನ್ನು ಪಶ್ಚಿಮ ಯುರೋಪಿನ ಹಳೆಯ ಸಂಕೇತ ಪಟ್ಟಿಯ ಪ್ರಕಾರ ಓದಿ, ಒಂದೊಂದು ಬೈಟನ್ನೂ ಒಂದೊಂದು ಚಿಹ್ನೆಯಾಗಿ ತೋರಿಸಿದೆ. ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ ‘ಎ’, ಅದರ ಬೆನ್ನಿಗೆ ಮೇಲೇರಿಸಿದ ಚಿಕ್ಕ 2 ಅಥವಾ 3, ಈ ಜೋಡಿ ಮತ್ತೆ ಮತ್ತೆ ಕಂಡರೆ ಅಲ್ಲಿ ಇದ್ದದ್ದು ಕನ್ನಡವೆಂದು ಧೈರ್ಯವಾಗಿ ಹೇಳಬಹುದು, ಏಕೆಂದರೆ ಕನ್ನಡ ವಿಭಾಗದ ಸಂಖ್ಯೆಗಳ ಮೊದಲ ಎರಡು ಬೈಟುಗಳು ಹಾಗೆಯೇ ಬರುತ್ತವೆ. ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ ಪ್ರಯೋಜನವಾಗದಿರುವುದಕ್ಕೂ ಇಲ್ಲೇ ಕಾರಣವಿದೆ: ವಿಂಡೋಸ್‌ನಲ್ಲಿ ಕನ್ನಡಕ್ಕೆ ಅಂಥ ಹಳೆಯ ಸಂಕೇತ ಪಟ್ಟಿಯೇ ಇಲ್ಲ, ಕನ್ನಡ ಅಲ್ಲಿಗೆ ಬಂದದ್ದೇ ಯೂನಿಕೋಡಿನೊಂದಿಗೆ.

ಪರಿಹಾರ ಸುಲಭ. ಕಡತದ ಮೇಲೆ ನೇರವಾಗಿ ಕ್ಲಿಕ್ ಮಾಡಿ ತೆರೆಯದೆ, ಎಕ್ಸೆಲ್‌ನ ದತ್ತಾಂಶ ವಿಭಾಗದಲ್ಲಿರುವ ಸಿಎಸ್‌ವಿ ಆಮದಿನ ದಾರಿಯಿಂದ ಬನ್ನಿ. ಅಲ್ಲಿ ಸಂಕೇತ ಪದ್ಧತಿಯನ್ನು ‘65001, ಯುಟಿಎಫ್-8’ ಎಂದೂ, ಬೇರ್ಪಡಿಸುವ ಚಿಹ್ನೆಯನ್ನು ಅಲ್ಪವಿರಾಮವೆಂದೂ, ಆಮದಿನ ಲೊಕೇಲ್ ಅನ್ನು ‘ಇಂಗ್ಲಿಷ್ (ಭಾರತ)’ ಎಂದೂ ಆರಿಸಿ. ದಿನಾಂಕಗಳನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2024-04-03 ಎಂಬಂತೆ ಬರೆದು ಕಳಿಸಲು ಬೆಂಗಳೂರಿನ ಗೆಳೆಯರಿಗೆ ಹೇಳಿ. 03/04/2024 ಎಂದು ಬರೆದರೆ ಬೆಂಗಳೂರಿನಲ್ಲಿ ಏಪ್ರಿಲ್, ಅಮೆರಿಕದ ಲೊಕೇಲ್ ಇರುವ ಕಂಪ್ಯೂಟರಿನಲ್ಲಿ ಮಾರ್ಚ್.

ಪ್ರಶ್ನೆ: ನಮ್ಮ ಗ್ರಂಥಾಲಯದ ಪುಸ್ತಕಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿದಾಗ ‘ಳ’ ಇರುವ ಪದಗಳು ‘ವ’ಕಾರಕ್ಕಿಂತ ಮೊದಲೇ ಬರುತ್ತವೆ. ಏಕೆ?
— ಒಬ್ಬ ಗ್ರಂಥಪಾಲಕರು, ಮೈಸೂರು

ಉತ್ತರ: ತಂತ್ರಾಂಶ ವರ್ಣಮಾಲೆಯನ್ನು ನೋಡದೆ ಯೂನಿಕೋಡ್ ಸಂಖ್ಯೆಗಳನ್ನು ಮಾತ್ರ ಹೋಲಿಸುತ್ತಿದೆ. ಯೂನಿಕೋಡಿನ ಭಾರತೀಯ ಲಿಪಿಗಳ ಪಟ್ಟಿಗಳನ್ನು ಅದಕ್ಕಿಂತ ಹಿಂದಿನ ಇಸ್ಕಿ ಎಂಬ ಭಾರತೀಯ ಮಾನದಂಡದ ಅಚ್ಚಿನಲ್ಲೇ ಎರಕ ಹೊಯ್ದಿದ್ದಾರೆ. ಎಲ್ಲ ಲಿಪಿಗಳಲ್ಲೂ ಸಮಾನ ಅಕ್ಷರಗಳು ಸಮಾನ ಸ್ಥಾನದಲ್ಲಿರಲೆಂದು ‘ಳ’ವನ್ನು ‘ಲ’ದ ಪಕ್ಕದಲ್ಲಿ ಕೂರಿಸಿದ್ದಾರೆ, ನಮ್ಮ ವರ್ಣಮಾಲೆಯಲ್ಲಾದರೋ ಅದು ‘ಹ’ದ ನಂತರ ಬರುವ ಕೊನೆಯ ಅಕ್ಷರ. ನಾನೇ ಒಮ್ಮೆ ಪುಸ್ತಕವೊಂದಕ್ಕೆ ಪದಸೂಚಿ ತಯಾರಿಸಿ, ಇದನ್ನು ಗಮನಿಸದೆ ಅಚ್ಚಿಗೆ ಕಳಿಸಿ, ‘ಮಹಿಳೆ’ಗಿಂತ ಮೊದಲೇ ‘ಮಳೆ’ ಬಂದಿರುವುದನ್ನು ಮುದ್ರಿತ ಪ್ರತಿಯಲ್ಲಿ ಕಂಡು ಕೈ ಹಿಸುಕಿಕೊಂಡಿದ್ದೇನೆ.

ನಿಮ್ಮ ತಂತ್ರಾಂಶದಲ್ಲಿ ವಿಂಗಡಣೆಯ ಭಾಷೆಯನ್ನು ಆರಿಸುವ ಅವಕಾಶವಿದ್ದರೆ ಮೊದಲು ಅಲ್ಲಿ ಕನ್ನಡವನ್ನು ಆರಿಸಿ. ಅನಂತರ ಬಲ, ಬಳೆ, ಬವಣೆ, ಬಹಳ ಎಂಬ ನಾಲ್ಕು ಪದಗಳನ್ನು ಕೊಟ್ಟು ಪರೀಕ್ಷಿಸಿ. ಬಲ, ಬವಣೆ, ಬಹಳ, ಬಳೆ ಎಂಬ ಕ್ರಮ ಬಂದರೆ ಸರಿ. ಕೊಟ್ಟ ಕ್ರಮವೇ ಹಿಂತಿರುಗಿ ಬಂದರೆ ನಿಮ್ಮ ಆಯ್ಕೆ ಅದಕ್ಕೆ ತಲುಪಿಲ್ಲ ಅಥವಾ ಅದರ ಕನ್ನಡ ನಿಯಮದಲ್ಲೇ ಈ ಸೂಕ್ಷ್ಮವಿಲ್ಲ. ಸಂಖ್ಯೆಯ ಕ್ರಮವನ್ನು ಬಿಟ್ಟು ಬೇರೇನೂ ತಿಳಿಯದ ಸಲಕರಣೆಯಾದರೆ ಒಂದು ಉಪಾಯವಿದೆ: ಶೀರ್ಷಿಕೆಗಳನ್ನು ಇನ್ನೊಂದು ಅಂಕಣಕ್ಕೆ ನಕಲಿಸಿ, ಅಲ್ಲಿ ‘ಳ’ ಇದ್ದ ಕಡೆಯೆಲ್ಲ ಅವಗ್ರಹ ಚಿಹ್ನೆಯಾದ ‘ಽ’ವನ್ನು ಹಾಕಿ, ಆ ಅಂಕಣದ ಮೇಲೆ ವಿಂಗಡಿಸಿ. ಅವಗ್ರಹದ ಸಂಖ್ಯೆ ‘ಹ’ಕಾರಕ್ಕೂ ಗುಣಿತದ ಚಿಹ್ನೆಗಳಿಗೂ ನಡುವೆ ಬೀಳುವುದರಿಂದ ಕ್ರಮ ಸರಿಹೋಗುತ್ತದೆ.

ಹಳಗನ್ನಡ ಕೃತಿಗಳ ಶೀರ್ಷಿಕೆಯಲ್ಲಿ ‘ೞ’ ಬಂದರೆ ಇನ್ನಷ್ಟು ಎಚ್ಚರ ಬೇಕು. ಅದರ ಸಂಖ್ಯೆ ಗುಣಿತದ ಚಿಹ್ನೆಗಳನ್ನೂ ದಾಟಿ ಬಹಳ ಮುಂದಿದೆ. ಯೂನಿಕೋಡಿನ ಮೊದಲ ಪಟ್ಟಿಯಲ್ಲಿ ಆ ಅಕ್ಷರಕ್ಕೆ ‘ಫ’ ಎಂಬರ್ಥದ ತಪ್ಪು ಹೆಸರೂ ಬಿದ್ದಿತ್ತು. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬ ಕಟ್ಟುಪಾಡಿನಿಂದಾಗಿ ಸರಿಯಾದ ಹೆಸರನ್ನು ತಿದ್ದುಪಡಿಯ ರೂಪದಲ್ಲಿ ಪಕ್ಕದಲ್ಲಿ ದಾಖಲಿಸಿದ್ದಾರೆ.

ಪ್ರಶ್ನೆ: ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೂ ಅಂಕಿಗಳು 1, 2, 3 ಎಂದೇ ಬರುತ್ತವೆ. ಕನ್ನಡ ಅಂಕಿಗಳು ಬೇಕಿದ್ದರೆ?
— ಒಬ್ಬ ಓದುಗರು, ಬೀದರ್

ಉತ್ತರ: ತಂತ್ರಾಂಶಗಳು ಬಳಸುವ ಲೊಕೇಲ್ ದತ್ತಾಂಶದಲ್ಲಿ ಕನ್ನಡಕ್ಕೆ ರೂಢಿಯ ಅಂಕಿಯೆಂದು ದಾಖಲಾಗಿರುವುದು 1, 2, 3, ಕನ್ನಡ ಅಂಕಿ ಐಚ್ಛಿಕ. ಈ ಪತ್ರಿಕೆಯ ಪುಟಸಂಖ್ಯೆಗಳನ್ನು ನೋಡಿದರೂ ಅದನ್ನು ತಪ್ಪೆನ್ನಲಾಗದು. ತಂತ್ರಾಂಶ ಬರೆಯುವವರು ಭಾಷಾ ಟ್ಯಾಗಿನ ಮುಂದೆ ‘ಯು-ಎನ್‌ಯು-ಕೆಎನ್‌ಡಿಎ’ ಎಂಬ ತುಂಡುಗಳನ್ನು ಸೇರಿಸಿದರೆ ೧, ೨, ೩ ಮೂಡುತ್ತವೆ. ಫೋನ್ ಬಳಸುವವರಿಗೆ ಆ ಆಯ್ಕೆ ಸಿಗುವುದು ತಯಾರಕರು ಅದನ್ನು ಸೆಟ್ಟಿಂಗ್ಸ್‌ನಲ್ಲಿ ಕೊಟ್ಟಿದ್ದರೆ ಮಾತ್ರ.

ಪ್ರಶ್ನೆ: ನಾನು ಒಂದು ಆ್ಯಪನ್ನು ಕನ್ನಡಕ್ಕೆ ಅನುವಾದಿಸುತ್ತಿದ್ದೇನೆ. ಏಕವಚನ, ಬಹುವಚನ ಎಂದು ಎರಡು ಖಾನೆಗಳಿವೆ. ಏಕವಚನದಲ್ಲಿ ‘ಒಂದು ಸಂದೇಶ ಬಂದಿದೆ’ ಎಂದು ಬರೆದೆ. ಸಂದೇಶವೇ ಇಲ್ಲದಾಗಲೂ ಆ್ಯಪ್ ಅದನ್ನೇ ತೋರಿಸುತ್ತಿದೆ!
— ಒಬ್ಬ ಅನುವಾದಕಿ, ಬೆಂಗಳೂರು

ಉತ್ತರ: ತಪ್ಪು ನಿಮ್ಮದೆನ್ನಲಾರೆ, ಖಾನೆಯ ಹೆಸರೇ ದಾರಿ ತಪ್ಪಿಸುವಂತಿದೆ. ಇಂಗ್ಲಿಷಿನಲ್ಲಿ ಏಕವಚನದ ಖಾನೆ ಒಂದು ಎಂಬ ಸಂಖ್ಯೆಗೆ ಮಾತ್ರ ಸಲ್ಲುತ್ತದೆ, ಸೊನ್ನೆಗೆ ಬಹುವಚನ. ಯೂನಿಕೋಡ್ ಸಂಸ್ಥೆ ನಿರ್ವಹಿಸುವ ಲೊಕೇಲ್ ದತ್ತಾಂಶದಲ್ಲಿ ಕನ್ನಡ, ಹಿಂದಿ, ಗುಜರಾತಿ ಮುಂತಾದ ಭಾಷೆಗಳಿಗೆ ನಿಯಮ ಬೇರೆ: ಸೊನ್ನೆ, ಒಂದು, ಅವುಗಳ ನಡುವಿನ ಅರ್ಧ, ಮುಕ್ಕಾಲು ಎಲ್ಲವೂ ಮೊದಲ ಖಾನೆಗೇ ಸೇರುತ್ತವೆ. ‘ಅರ್ಧ ಗಂಟೆಗಳು’ ಎಂದು ನಾವು ಹೇಳುವುದಿಲ್ಲವಾದ್ದರಿಂದ ನಿಯಮದಲ್ಲಿ ಹುರುಳಿದೆ. ಆದರೆ ಕನ್ನಡಕ್ಕೂ ಇಂಗ್ಲಿಷಿನ ನಿಯಮವನ್ನೇ ಹಾಕಿಕೊಂಡಿರುವ ಅನುವಾದ ಕಡತಗಳೂ ಇರುವುದರಿಂದ, ಒಂದು ಆ್ಯಪ್‌ನಲ್ಲಿ ಸರಿಯಾಗಿ ಕಂಡ ವಾಕ್ಯ ಇನ್ನೊಂದರಲ್ಲಿ ಹೀಗೆ ಎಡವುತ್ತದೆ. ಮೊದಲ ಖಾನೆಯಲ್ಲಿ ‘ಒಂದು’ ಎಂದು ಅಕ್ಷರದಲ್ಲಿ ಬರೆಯದೆ ಸಂಖ್ಯೆಯ ಚಿಹ್ನೆಯನ್ನೇ ಉಳಿಸಿ, ‘ಹೊಸ ಸಂದೇಶ:’ ಎಂದು ಬರೆದು ಅದರ ಮುಂದೆ ಸಂಖ್ಯೆ ಬರುವಂತೆ ಮಾಡಿ. ಆಗ ಸೊನ್ನೆ ಯಾವ ಖಾನೆಗೆ ಬಿದ್ದರೂ ವಾಕ್ಯ ಕೆಡುವುದಿಲ್ಲ.